ತಪ್ಪು ಒಪ್ಪು

ಫಲಕದ ಮೇಲೆ ‘ವ್ಯವಸ್ಥಾಪಕ ನಿರ್ದೇಶಕರು’.
ನಿರ್ದೇಶಿಸುವುದಕ್ಕೆ ಇದ್ದದ್ದು
ಕರಡು ತಿದ್ದುವ ನಾನು, ಹೊಲಿಗೆ ಹಾಕುವ ದಸ್ತಗೀರ,
ಕಾಗದದ ರೀಮಿನ ಮೇಲೆ ಮರಿ ಹಾಕಿದ ಒಂದು ಬೆಕ್ಕು.
‘ಈ ವರ್ಷ ಹೇಳಿದ ದಿನಕ್ಕೆ ಸರಿಯಾಗಿ
ಕೆಲಸ ಮುಗಿಸಿದ್ದು ಬೆಕ್ಕು ಮಾತ್ರ’
ಎಂದು ಮೈಸೂರಿನ ಮಾಲೀಕರಿಗೆ ವರದಿ ಕಳಿಸಿದವರು
ನಮ್ಮ ಬ್ರಹ್ಮಸೂರಯ್ಯನವರು.

ಸಾಲಗಾಮೆ ರಸ್ತೆಯ ಆ ಮಹಡಿಗೆ ಹದಿನೇಳು ಮೆಟ್ಟಿಲು.
ಏದುಸಿರಲ್ಲಿ ಹತ್ತಿ ಬಂದ ಲೇಖಕರಿಗೆ
ಮಾರಾಟವಾಗದ ಅವರದೇ ಕಟ್ಟು ತೋರಿಸಿ
‘ಕೂತ್ಕೊಳಿ ಸಾರ್, ಇದಕ್ಕಿಂತ ಗಟ್ಟಿ ಪೀಠ
ಯಾವ ಸರ್ಕಾರವೂ ಕೊಡಲ್ಲ.’
ನಕ್ಕರೆ ಕಾಫಿ. ನಗದಿದ್ದರೆ ಎರಡು ಕಾಫಿ.

ನಾನು ಸೇರಿದ ಮೊದಲ ವಾರ
ಆಹ್ವಾನ ಪತ್ರಿಕೆಯಲ್ಲಿ ಹಕಾರ ಬಿದ್ದುಹೋಗಿ
‘ಸ್ಥಳ: ಆಸನ’ ಎಂದು ಅಚ್ಚಾಯಿತು.
ಅಳುತ್ತಾ ನಿಂತಿದ್ದೆ.
‘ಬಿಡಮ್ಮ ಕಾಗುಣಿತಮ್ಮ,
ಊರೋರ ಬಾಯಲ್ಲಿರೋದೇ ಅಚ್ಚಾಗಿದೆ.
ಬಂದವರಿಗೆ ಕೂರೋಕೆ ಜಾಗ ಅಂತೂ ಖಾತ್ರಿ.’

ಇನ್ನೊಂದು ಸಲ ಮುಖಪುಟದಲ್ಲೇ, ದಪ್ಪಕ್ಷರದಲ್ಲಿ,
‘ಜಿಲ್ಲೆಯ ಹಿರಿಯ ಕಪಿ’.
ಬ್ಲೇಡಿನಿಂದ ಕೆರೆದು ಕೆರೆದು
ಐನೂರು ಕಪಿಗಳನ್ನು ಕವಿ ಮಾಡಿದೆವು.
ಬೆಳಗ್ಗೆ ಬಂದು ನೋಡಿ ಕೈ ಮುಗಿದರು:
‘ಲಕ್ಷಾಂತರ ವರ್ಷ ಹಿಡಿದ ಕೆಲಸ ಕಣ್ರಯ್ಯಾ,
ಒಂದೇ ರಾತ್ರೀಲಿ!’

ಗೌರವಧನ ಕೇಳಿದರೆ
‘ನಮ್ಮ ಗಲ್ಲಾಪೆಟ್ಟಿಗೆ ಹಾಸನಾಂಬೆ ಇದ್ದ ಹಾಗೆ,
ವರ್ಷಕ್ಕೊಂದೇ ಸಲ ಬಾಗಿಲು, ಸಾಲಲ್ಲಿ ಬನ್ನಿ.’
ಗ್ರಂಥಾಲಯದ ಬಿಲ್ಲು ಬಾರದ ವರ್ಷ
ಮಂಡಿಯ ಸ್ನೇಹಿತನಿಂದ ಕಡ ತಂದು
ತಲೆಗೊಂದು ಮೂಟೆ ಆಲೂಗಡ್ಡೆ ಹಂಚಿದರು,
ರಸೀದಿಗೆ ಸಹಿ ಹಾಕಿಸಿಕೊಂಡು:
‘ನಾನು ಜೈನ, ಗೆಡ್ಡೆ ಮುಟ್ಟೋ ಹಾಗಿಲ್ಲ.
ಎಣಿಸ್ಕೊಳಿ, ಒಂದೂ ಕಡಿಮೆ ಇರಲ್ಲ.’

ನಗದ ದಿನ ಒಂದಿತ್ತು.
ಅರಕಲಗೂಡಿನ ಮೇಷ್ಟರ ಪುಸ್ತಕ.
ಫಾರಂ ಜೋಡಿಸುವಾಗ ಅರ್ಪಣೆಯ ಪುಟ ಬಿಟ್ಟುಹೋಯಿತು,
ನೋಡಬೇಕಾದವಳು ನಾನು.
ಅದರಲ್ಲಿದ್ದದ್ದು ಇಷ್ಟೇ:
‘ನಮ್ಮ ಚಂಪಕಳಿಗೆ, ಒಂಬತ್ತು ವರ್ಷ.’
ಐದೂವರೆಗೆ ಬುತ್ತಿ ಬಿಚ್ಚುವವರು
ಅವತ್ತು ಬಿಚ್ಚಲಿಲ್ಲ. ಹೊತ್ತು ಮುಳುಗಿತು.
ಉಪವಾಸವೇ ಕೊನೆಯ ಬಸ್ಸು ಹತ್ತಿ
ಮೇಷ್ಟರ ಜಗಲಿಯಲ್ಲಿ ಕೂತು, ಗೋಂದು ಹಚ್ಚಿ,
ಮುನ್ನೂರು ಪ್ರತಿಗೆ ಆ ಪುಟ ಅಂಟಿಸಿದರಂತೆ.
ದಸ್ತಗೀರ ಹೇಳಿದ್ದು. ಅವರು ಹೇಳಲಿಲ್ಲ.
ಮರುದಿನ ನನ್ನನ್ನು ಬೈಯಲಿಲ್ಲ,
ನಗಿಸಲೂ ಇಲ್ಲ.
ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೋದದ್ದು ಮಾಘದಲ್ಲಿ, ಕುರ್ಚಿಯಲ್ಲೇ,
ಕನ್ನಡಕ ಹಣೆಯ ಮೇಲೆ,
ಯಾರದೋ ಹಸ್ತಪ್ರತಿಯ ನಲವತ್ತೊಂದನೆಯ ಪುಟ.
ಅಂಚಿನಲ್ಲಿ ಸೀಸದಕಡ್ಡಿಯ ಬರಹ:
‘ಇಲ್ಲಿ ನಿದ್ದೆ ಬಂತು.’

ಗಲ್ಲಾಪೆಟ್ಟಿಗೆ ನಾವೇ ತೆಗೆದೆವು.
ಹದಿನಾಲ್ಕು ರೂಪಾಯಿ, ಒಂದು ಒಣಗಿದ ಲವಂಗ,
ಮತ್ತೆ ಚೀಟಿಗಳು: ಯಾರಿಗೆ ಎಷ್ಟು ಬಾಕಿ,
ಯಾವ ಪುಸ್ತಕದ್ದು, ಎಷ್ಟನೆಯ ಮುದ್ರಣದ್ದು.
ಅರ್ಧಕ್ಕರ್ಧ ಜನ ಆಗಲೇ ತೀರಿಕೊಂಡವರು.
ಅವರ ಹೆಸರುಗಳ ಮುಂದೆ ಮಾತ್ರ
ಅದೇ ಗುಂಡಗಿನ ಅಕ್ಷರದಲ್ಲಿ
‘ಬಂದು ಕೊಡ್ತೀನಿ’.

ಹೇಮಾವತಿ ಪ್ರತಿಮೆಯ ವೃತ್ತದಲ್ಲಿ
ಓದುಗರು ಚಂದಾ ಎತ್ತಿ ಕಟ್ಟಿಸಿದ ಫ್ಲೆಕ್ಸು.
ನಗುವ ಫೋಟೋ, ಕೆಳಗೆ:
‘ಪುಸ್ತಕಪ್ರೇಮಿ ಬ್ರಹ್ಮಸೂರಯ್ಯ ನಿಧಾನ’.
ಕೆಂಪು ಪೆನ್ಸಿಲು ತಾನಾಗಿಯೇ ಕೈಗೆ ಬಂತು.
‘ಒಂದು ದೀರ್ಘ ಜಾಸ್ತಿ ಆಗಿದೆ. ಇಳಿಸ್ಲಾ ಅಕ್ಕಾ?’
ದಸ್ತಗೀರ ಆಗಲೇ ಏಣಿ ಹುಡುಕುತ್ತಿದ್ದ.

ಇಪ್ಪತ್ತೆರಡು ವರ್ಷ.
ಅವರ ಕೈಯಿಂದ ಒಂದು ಪುಸ್ತಕವೂ
ಹೇಳಿದ ತಾರೀಖಿಗೆ ಹೊರಬಂದದ್ದಿಲ್ಲ.

‘ಇರ್ಲಿ ಬಿಡೋ’ ಅಂದೆ, ‘ಸರಿಯಾಗೇ ಇದೆ.’
ಅಷ್ಟರಲ್ಲಿ ಬೇಲೂರಿನ ಕಡೆಯಿಂದ ಬಂದ ಒಬ್ಬ ಆಟೋದವನು
ಕತ್ತೆತ್ತಿ ಓದಿ
ಬ್ರೇಕು ಹಾಕಿದ.